ಪೇಂಟರ್ ಎರ್ರಿಯಪ್ಪನ ಯಾಜಕ ವೇಷ

ಈಗಷ್ಟೇ ಬೆಳಕು ಹರಿಯುತ್ತಿದೆ. ಹೊಸಪೇಟೆಯ ಲಾರಿ ಅಡ್ಡಾದಲ್ಲಿ ಸಂಡೂರಿನ ಅದಿರು ಲಾರಿಯೊಂದು ಕೆಂಪು ಧೂಳು ತೊಳೆದುಕೊಂಡು ನಿಂತಿದೆ. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತ ಎರ್ರಿಯಪ್ಪ ಹಳದಿ ಬಣ್ಣದಲ್ಲಿ ನಂಬರ್ ಬರೆಯುತ್ತಿದ್ದಾರೆ. ಕೈ ಲಾರಿಯ ಮೇಲೆ, ಬಾಯಿ ಯೆರೂಸಲೇಮಿನಲ್ಲಿ.

“ಕೇಳ್ರಿ, ಸೆರಿ ಬಿಟ್ಟು ಬಂದ ಮಂದೀರಿ, ನಿಮ್ಮ ಧರ್ಮದ ಮಾತು ನೀವಾ ಮರ್ತೀರಿ.”

“ಯಾಜಕರ, ಮಂದಿ ಆಮ್ಯಾಲೆ. ಮೊದಲು ನನ್ನ ನಂಬರ್ ಸರಿ ಬರೀರಿ,” ಎಂದು ಡ್ರೈವರ್ ಪರಶುರಾಮ್ ನಗುತ್ತಾರೆ.

ಅಡ್ಡಾದಲ್ಲಿ ಎರ್ರಿಯಪ್ಪನವರಿಗೆ ಯಾಜಕರೆಂದೇ ಹೆಸರು. ಕಂಪ್ಲಿ ಕಡೆಯ ತಂದೆ ಬಯಲಾಟದ ಭಾಗವತರು. ತಾಯಿ ಭಾನುವಾರ ಬಿಡದೆ ಚರ್ಚಿಗೆ ಹೋಗುತ್ತಿದ್ದವರು. ತಂದೆಯಿಂದ ಕುಣಿತ, ತಾಯಿಯಿಂದ ಕತೆ. ಎರಡನ್ನೂ ಸೇರಿಸಿ ಮಗ ಕಟ್ಟಿದ ಆಟದ ನಾಯಕ ರಾಜನಲ್ಲ, ಎಜ್ರ ಎಂಬ ಯೆಹೂದಿ ಯಾಜಕ.

ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದಿನ ಮಾತು. ಬಾಬಿಲೋನಿನ ಸೆರೆಗೆ ಹೋದ ಯೆಹೂದಿಗಳ ಮಕ್ಕಳು ಮೊಮ್ಮಕ್ಕಳು ಊರಿಗೆ ಮರಳಿ ದೇವಾಲಯ ಕಟ್ಟಿಕೊಂಡಿದ್ದರು. ಧರ್ಮಶಾಸ್ತ್ರ ಮಾತ್ರ ಮರೆತೇಹೋಗಿತ್ತು. ಎಜ್ರ ಬಯಲಿನಲ್ಲಿ ಮರದ ಅಟ್ಟವೇರಿ ಗಂಡಸರು, ಹೆಂಗಸರೆನ್ನದೆ ಎಲ್ಲರಿಗೂ ಅದನ್ನು ಓದಿ ಹೇಳಿದ. ಅವನ ಜೊತೆಯ ಲೇವಿಯರು, ಅಂದರೆ ದೇವಾಲಯದ ಸೇವಕರು, ಜನರ ನಡುವೆ ನಿಂತು ಅರ್ಥ ಬಿಡಿಸಿದರು. “ಪೂಜಾರಿ ಅಂದ್ರ ಬಾಗಿಲು ಹಾಕ್ಕೊಂಡು ಒಳಗ ಕುಂದ್ರಾವ ಅನ್ಕೊಂಡಿದ್ದೆ. ಇವ ಒಳಗಿನ ಮಾತು ಬಯಲಿಗೆ ತಂದ. ಅದಕ್ಕಾ ಮನಸಿಗೆ ಹಿಡಿದ,” ಎನ್ನುತ್ತಾರೆ ಎರ್ರಿಯಪ್ಪ.

ಎಜ್ರನ ಸುಧಾರಣೆಗೆ ಕಟುವಾದ ಮುಖವೂ ಇದೆ. ಪರಕುಲದ ಹೆಂಡಂದಿರನ್ನು ಕಳಿಸಿಬಿಡಿ ಎಂದ ಯಾಜಕನೂ ಅವನೇ. ಆ ಭಾಗ ಇವರ ಆಟದಲ್ಲಿಲ್ಲ. ಎರ್ರಿಯಪ್ಪನವರ ಹೆಂಡತಿ ದೇವಿಕಾ ಇವತ್ತಿಗೂ ಸುಂಕಲಮ್ಮನ ಗುಡಿಗೆ ಹೋಗುವವರು. “ಆಕಿನ್ನ ಮುಂದ ಕುಂದ್ರಿಸ್ಕೊಂಡು ಆ ಮಾತು ಆಡಾಕ ನಾಲಿಗಿ ಏಳಲ್ರಿ.”

ಮೊದಲ ಪ್ರದರ್ಶನ ಚರ್ಚಿನ ಅಂಗಳದಲ್ಲೇ ನಡೆಯಿತು. ಎರ್ರಿಯಪ್ಪ ಭಾರೀ ಗ್ರಾಂಥಿಕ ಕನ್ನಡದಲ್ಲಿ ಗುಡುಗಿದರು. ಅರ್ಧ ಜನ ತೂಕಡಿಸಿದರು. ವೇಷ ಕಳಚುವಾಗ ದೇವಿಕಾ ಮೆಲ್ಲಗೆ ಕೇಳಿದರು: “ಅಲ್ರೀ, ಆ ಪೂಜಾರಿ ಮಂದಿಗೆ ತಿಳಿಯೋ ಹಂಗ ಹೇಳಿದ ಅಂತೀರಿ. ನಂಗ ಒಂದು ಮಾತೂ ತಿಳೀಲಿಲ್ಲಲ್ಲ.”

ಎರ್ರಿಯಪ್ಪನವರಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು. ಗಂಡಹೆಂಡತಿ ಕೂತು ಇಡೀ ಆಟವನ್ನು ತಮ್ಮ ಮಾತಿಗೆ ತಿರುಗಿಸಿದರು. ಲೇವಿಯರ ಪಾತ್ರ ದೇವಿಕಾ ಮತ್ತು ಬಾಳೆ ತೋಟದಲ್ಲಿ ಅವರ ಜೊತೆ ಕೆಲಸ ಮಾಡುವ ಗೆಳತಿಯರಿಗೆ ಬಂತು. ಅವರು ರಂಗದ ಮೇಲಲ್ಲ, ಪ್ರೇಕ್ಷಕರ ನಡುವೆಯೇ ಕೂರಬೇಕು. ಯಾಜಕ ಓದಿದ ಒಂದೊಂದು ಸಾಲಿಗೂ ಪಕ್ಕದವರಿಗೆ ಅರ್ಥ ಹೇಳಬೇಕು.

ಚರ್ಚಿನ ಸಭೆಯ ಹಿರಿಯ ಮೂಕಣ್ಣನವರಿಗೆ ಇದು ಸರಿಬರಲಿಲ್ಲ. “ದೇವರ ಮಾತಿಗೆ ಮರ್ಯಾದಿ ಐತಿ, ಎರ್ರಿಯಪ್ಪ. ಸಂತಿ ಮಾತು ಬೆರಸಬ್ಯಾಡ,” ಎಂದು ಅಂಗಳ ಕೊಡಲಿಲ್ಲ. ಜೊತೆಯ ಆಟಗಾರರು ಹಿಂಜರಿದರು. ಆಗ ಪರಶುರಾಮ್ ಎರಡು ಲಾರಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಹಿಂಬಾಗಿಲು ಇಳಿಸಿ, “ಹತ್ರಿ, ಇದಾ ನಿಮ್ಮ ಅಟ್ಟ,” ಎಂದರು.

ಅಂದು ಸಂಜೆ ಅಡ್ಡಾ ತುಂಬಿತು. ಹಮಾಲರು, ಕ್ಲೀನರ್‌ಗಳು, ಡ್ಯಾಂ ಕ್ವಾರ್ಟರ್ಸಿನ ಹೆಂಗಸರು, ಕಡೆಯಲ್ಲಿ ಕೈಕಟ್ಟಿಕೊಂಡು ನಿಂತ ಮೂಕಣ್ಣ. ಯಾಜಕ ಓದಿದಂತೆಲ್ಲ ಜನರ ನಡುವಿನಿಂದ ಹೆಂಗಸರ ದನಿ ಎದ್ದಿತು: “ಬಡವರಿಗೆ ಅಂತ ಹೊಲದ ಅಂಚು ಕೊಯ್ಯದಾ ಬಿಡ್ಬೇಕಂತ, ಅಕ್ಕ.” “ಕೂಲಿ ಅವತ್ತಿಂದು ಅವತ್ತಾ ಕೊಡ್ಬೇಕಂತ, ಅಣ್ಣ.” ಕೂಲಿಯ ಮಾತಿಗೆ ಹಮಾಲರು ಚಪ್ಪಾಳೆ ಹೊಡೆದರು.

ಕತೆಯಲ್ಲಿ, ಮರೆತದ್ದನ್ನು ಕೇಳಿ ಜನ ಅಳುತ್ತಾರೆ. ಅಳಬ್ಯಾಡ್ರಿ, ಇದು ಹಬ್ಬದ ದಿನ, ಸಿಹಿ ಉಣ್ರಿ, ಇಲ್ಲದವರಿಗೂ ಕೊಡ್ರಿ ಎಂದು ಯಾಜಕ ಸಾರುತ್ತಾನೆ. ಆ ಮಾತಿಗೆ ಸರಿಯಾಗಿ ದೇವಿಕಾ ಗೋಧಿ ಪಾಯಸದ ಕೊಪ್ಪರಿಗೆಯ ಮುಚ್ಚಳ ತೆಗೆದರು. ಮೊದಲ ಲೋಟ ಮೂಕಣ್ಣನವರ ಕೈಗೇ ಹೋಯಿತು. ಕುಡಿದು, ಕಣ್ಣೊರೆಸಿಕೊಂಡು ಅವರು ಹೇಳಿದ್ದಿಷ್ಟು: “ಇಷ್ಟು ವರ್ಷ ಓದೀನಿ. ಇವತ್ತು ಕೇಳಿದೆ. ಮುಂದಿನ ವರ್ಷ ಅಂಗಳಕ್ಕ ಬರ್ರಿ.”

ಅಂಗಳಕ್ಕೂ ಹೋದರು, ಅಡ್ಡಾವನ್ನೂ ಬಿಡಲಿಲ್ಲ. ಈಗ ವರ್ಷಕ್ಕೆ ಎರಡು ಆಟ. ಈ ವರ್ಷದ ತಾಲೀಮು ಶುರುವಾಗಿದೆ. ಇನ್ನೇನು ಆಸೆ ಎಂದರೆ ಎರ್ರಿಯಪ್ಪ ಬ್ರಷ್ ಒರೆಸುತ್ತಾ ನಗುತ್ತಾರೆ.

“ಒಂದು ಸಲ ದೇವಿಕಾ ಅಟ್ಟ ಹತ್ತಿ ಓದ್ಬೇಕ್ರಿ. ನಾ ಕೆಳಗ ಮಂದ್ಯಾಗ ಕುಂತು ಕೇಳ್ಬೇಕು. ಆಕಿ ಓದಿದ್ರ ಅರ್ಥ ಹೇಳಾಕ ಯಾರೂ ಬೇಕಾಗಲ್ಲ.”