ಮೂರನೇ ಇಯತ್ತೆಯ ಮನೆ ಸುದ್ದಿ

ಸಿಂದಗಿಯಲ್ಲಿ ಸಿಸ್ಟರ್‌ಗಳು ನಡೆಸುವ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಮೂರನೇ ಇಯತ್ತೆಗೆ ಟೀಚರ್. ಪ್ರಾರ್ಥನೆ, ಹಾಜರಿ ಮುಗಿದ ಮೇಲೆ ನಮ್ಮ ತರಗತಿಯ ಮೊದಲ ಕೆಲಸ ಸುದ್ದಿ. ಪೇಪರಿನ ಸುದ್ದಿಯಲ್ಲ, ಮನೆಯ ಸುದ್ದಿ. ದಿನಾಲೂ ಕೆಲವು ಮಕ್ಕಳು ಎದ್ದು ನಿಂತು ನಿನ್ನೆ ತಮ್ಮ ಮನೆಯಲ್ಲಿ ಏನಾಯಿತೆಂದು ಹೇಳಬೇಕು. ಎಮ್ಮೆ ಈದದ್ದು, ಮೋಟರ್ ಸುಟ್ಟದ್ದು, ಅಕ್ಕನನ್ನು ನೋಡಲು ಇಂಡಿಯಿಂದ ಬೀಗರು ಬಂದು ಉಪ್ಪಿಟ್ಟು ತಿಂದು ಹೋದದ್ದು, ಹೀಗೆ ಏನಾದರೂ. ನಾನು ಅದನ್ನು ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಗಟ್ಟಿಯಾಗಿ ಓದುತ್ತಾರೆ. ಒಳ್ಳೆಯದೊಂದನ್ನು ಆರಿಸಿ ದೊಡ್ಡ ಸಿಸ್ಟರ್, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ತಿಂಗಳಿಗೊಮ್ಮೆ ಪಾಲಕರ ವಾಟ್ಸಾಪ್ ಗುಂಪಿಗೆ ಕಳಿಸುವ ಶಾಲಾ ಸುದ್ದಿಯಲ್ಲಿ ಹಾಕುತ್ತಾರೆ.

ನನ್ನ ಊರು ಬಸವನ ಬಾಗೇವಾಡಿ ಕಡೆಯ ಮಸೂತಿ. ಅಲ್ಲಿ ನಮ್ಮದು ದಲಿತರ ಕೇರಿ. ಕೆಲಸ ಸಿಕ್ಕು ಸಿಂದಗಿಗೆ ಬಂದಾಗ ಬಾಡಿಗೆಗೆ ಖೋಲಿ ಹುಡುಕಿಕೊಂಡು ನಾನೂ ಅವ್ವನೂ ಓಣಿ ಓಣಿ ತಿರುಗಿದೆವು. ಅಡ್ಡಹೆಸರು ಕೇಳಿದ ಮೇಲೆ ಖಾಲಿ ಇದ್ದ ಖೋಲಿಗಳೆಲ್ಲ ಭರ್ತಿಯಾಗುತ್ತಿದ್ದವು. ಕೊನೆಗೆ ಒಂದು ಮನೆಯ ಅಜ್ಜಿ ಅಡ್ಡಹೆಸರು ಕೇಳಲೇ ಇಲ್ಲ. ಎಲ್ಲಿ ನೌಕರಿ ಎಂದರು. ಸಿಸ್ಟರ್ ಸಾಲ್ಯಾಗ ಎಂದೆ.

"ಅಂದ್ರ ಕ್ರಿಶ್ಚನ್ರೇನು? ಇರ್ಲಿ ಬಿಡು, ಛಲೋ ಮಂದಿ. ಮ್ಯಾಲಿನ ಖೋಲಿ ನೋಡ್ಕೊಂಡ ಬರ್ರಿ," ಎಂದರು.

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಮೆಟ್ಟಿಲು ಹತ್ತಿ ಹೋಗಿ ಖೋಲಿ ನೋಡಿದೆವು. ಕಿಟಕಿ ದೊಡ್ಡದಿತ್ತು, ನಳ ಒಳಗೇ ಇತ್ತು. ಅದನ್ನೇ ಹಿಡಿದೆ, ಅವ್ವ ಊರಿಗೆ ಮರಳಿದಳು.

ಅಜ್ಜಿ ಕೆಟ್ಟವರಾಗಿದ್ದರೆ ನಿಜ ಹೇಳುವುದು ಸುಲಭವಾಗುತ್ತಿತ್ತು. ಅವರು ಒಳ್ಳೆಯವರು. ನನಗೆ ಜ್ವರ ಬಂದಾಗ ಗಂಜಿ ಮಾಡಿ ಮೇಲೆ ತಂದರು. ಎಳ್ಳಮಾವಾಸ್ಯೆಗೆ ತಮ್ಮ ಹೊಲಕ್ಕೆ ಕರೆದೊಯ್ದು ಸಜ್ಜೆಯ ಕಡುಬು, ಭಜ್ಜಿಪಲ್ಲೆ ಬಡಿಸಿದರು. ಅವರ ಮೊಮ್ಮಗಳು ನನ್ನದೇ ತರಗತಿಯವಳು. ಮುಂಜಾನೆ ನನ್ನ ಕೈ ಹಿಡಿದುಕೊಂಡೇ ಶಾಲೆಗೆ ಬರುತ್ತಿದ್ದಳು.

ಆ ಹುಡುಗಿಯ ಹುಟ್ಟುಹಬ್ಬ ಬಂದದ್ದು ಡಿಸೆಂಬರಿನಲ್ಲಿ, ಒಂದು ಭಾನುವಾರ. ತರಗತಿಯ ಹುಡುಗಿಯರನ್ನೆಲ್ಲ ಅವಳೇ ಕರೆದಿದ್ದಳು. ಪಡಸಾಲೆಯಲ್ಲಿ ಕೇಕ್ ಕತ್ತರಿಸಿದರು. ಮಕ್ಕಳು ಸಾಲಾಗಿ ಕೂತರು. ಅಜ್ಜಿ ಸ್ಟೀಲಿನ ತಾಟುಗಳಲ್ಲಿ ಚುರುಮುರಿ ಸುಸಲಾ, ಮಿರ್ಚಿ ಭಜಿ, ಕೇಕಿನ ತುಂಡು ಹಾಕಿ ಕೊಡುತ್ತ ಬಂದರು. ಸಾಲಿನ ತುದಿಯಲ್ಲಿ ಬಸ್ ಕಂಡಕ್ಟರರೊಬ್ಬರ ಮಗಳು ಕೂತಿದ್ದಳು. ಮಾತುಗಾರ್ತಿ, ತರಗತಿಯಲ್ಲಿ ಸುದ್ದಿ ಹೇಳಲು ಎಲ್ಲರಿಗಿಂತ ಮೊದಲು ಕೈ ಎತ್ತುವವಳು. ಅಜ್ಜಿ ಅವಳ ಮುಂದೆ ಬಂದು ನಿಂತು, "ನೀ ಕಂಡಕ್ಟರನ ಮಗಳಲ್ಲ?" ಎಂದು ಕೇಳಿದರು. ಅವಳು ಖುಷಿಯಿಂದ "ಹೌದ್ರಿ" ಎಂದಳು. ಅಜ್ಜಿ ಒಳಗೆ ಹೋಗಿ ಒಂದು ಪೇಪರ್ ಪ್ಲೇಟ್ ತಂದರು. ಹಳದಿ ಹೂಗಳ ಚಿತ್ರವಿತ್ತು ಅದರ ಮೇಲೆ. ಅದರಲ್ಲಿ ಹಾಕಿ, "ಅಲ್ಲೇ ಬಾಗಲ ಕಡೆ ಗಾಳಿ ಬರ್ತೈತಿ, ಅಲ್ಲಿ ಕೂಡವ್ವಾ," ಎಂದು ಮೆತ್ತಗೆ ಹೇಳಿದರು. ಹುಡುಗಿ ಎದ್ದು ಹೊಸ್ತಿಲ ಬಳಿ ಹೋಗಿ ಕೂತಳು.

ನಾನು ಕುರ್ಚಿಯ ಮೇಲೆ ಕೂತಿದ್ದೆ. ನನ್ನ ಕೈಯಲ್ಲಿ ಸ್ಟೀಲಿನ ತಾಟಿತ್ತು. ಭಜಿ ಬಾಯಲ್ಲಿತ್ತು. ಉಗುಳಲಾಗಲಿಲ್ಲ, ನುಂಗಿದೆ. ಅಜ್ಜಿ ನನ್ನ ತಾಟಿಗೆ ಇನ್ನೊಂದು ಭಜಿ ಹಾಕಿದರು. ಅದನ್ನೂ ತಿಂದೆ.

ಮರುದಿನ ತರಗತಿಯಲ್ಲಿ ಸುದ್ದಿ ಎಂದು ಕೇಳುವುದೇ ತಡ, ಕಂಡಕ್ಟರರ ಮಗಳು ಕೈ ಎತ್ತಿದಳು. ಎದ್ದು ನಿಂತು ಚೀಲದಿಂದ ಆ ಪ್ಲೇಟನ್ನು ತೆಗೆದಳು. ತೊಳೆದು ಒಣಗಿಸಿ ತಂದಿದ್ದಳು, ಅಂಚು ಸೊಟ್ಟಗಾಗಿತ್ತು.

"ಟೀಚರ್, ನಿನ್ನೆ ಬರ್ತಡೇದಾಗ ಎಲ್ಲಾರಿಗೂ ಬರೇ ತಾಟ ಕೊಟ್ರು. ನನಗೊಬ್ಬಾಕಿಗೇ ಹೂವಿನ ಪ್ಲೇಟ್ ಕೊಟ್ರು. ಮನಿಗಿ ಒಯ್ಯಿ ಅಂದ್ರು."

ಮಕ್ಕಳು ಪ್ಲೇಟ್ ನೋಡಲು ಬಗ್ಗಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅಜ್ಜಿಯ ಮೊಮ್ಮಗಳೂ ತಟ್ಟಿದಳು, ಅವಳಿಗೂ ಏನೂ ತಿಳಿದಿರಲಿಲ್ಲ. ಹುಡುಗಿ ನಿಂತೇ ಇದ್ದಳು, ನಾನು ಬೋರ್ಡಿನ ಮೇಲೆ ಬರೆಯಲಿ ಎಂದು ಕಾಯುತ್ತಿದ್ದಳು. ನಾನು ಬರೆದೆ. ನಿನ್ನೆ ನನಗೆ ಒಂದು ಹೊಸ ಪ್ಲೇಟ್ ಸಿಕ್ಕಿತು, ಅದರ ಮೇಲೆ ಹೂಗಳಿವೆ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಓದಿದರು. ನಾನು ಬೋರ್ಡಿನ ಕಡೆಗೇ ಮುಖ ಮಾಡಿ ನಿಂತೆ.

ಆ ವಾರ ಶಾಲೆಯಲ್ಲಿ ಕ್ರಿಸ್‌ಮಸ್ಸಿನ ತಯಾರಿ ನಡೆದಿತ್ತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಮಕ್ಕಳು ಜೋಳದ ಒಣದಂಟಿನಿಂದ ಕಟ್ಟುತ್ತಿದ್ದರು. ಅದನ್ನು ನೋಡಲು ಬಂದ ದೊಡ್ಡ ಸಿಸ್ಟರ್ ನಮ್ಮ ಬೋರ್ಡನ್ನೂ ಓದಿದರು. ಅವರು ಮಂಗಳೂರು ಕಡೆಯವರು.

"ಇದು ಎಷ್ಟು ಚಂದ ಉಂಟು ಟೀಚರ್. ಆ ಮಗು ಪ್ಲೇಟ್ ಹಿಡಿದು ನಿಂತದ್ದೊಂದು ಫೋಟೋ ತೆಗೆಯಿರಿ. ಈ ತಿಂಗಳ ಸುದ್ದಿಯಲ್ಲಿ ಇದನ್ನೇ ಮೊದಲು ಹಾಕುವ," ಎಂದರು.

ನಾನು ತಲೆಯಾಡಿಸಿದೆ. ಮಧ್ಯಾಹ್ನದವರೆಗೂ ಫೋಟೋ ತೆಗೆಯಲಿಲ್ಲ. ಪಾಲಕರ ಗುಂಪಿನಲ್ಲಿ ಮುನ್ನೂರು ಮನೆಯವರಾದರೂ ಇದ್ದಾರು. ಅರ್ಧದಷ್ಟು ಜನರಿಗೆ ಫೋಟೋ ನೋಡುತ್ತಲೇ ವಿಷಯ ಗೊತ್ತಾಗುತ್ತಿತ್ತು. ಹುಡುಗಿಯ ತಂದೆಯೂ ಅದರಲ್ಲಿದ್ದರು. ಊಟದ ಹೊತ್ತಿಗೆ ಸಿಸ್ಟರ್ ಕೋಣೆಗೆ ಹೋಗಿ, ಅದನ್ನು ಹಾಕುವುದು ಬೇಡ ಎಂದೆ. ಯಾಕೆ ಎಂದು ಕೇಳಿದರು. ಪ್ಲೇಟ್ ಯಾಕೆ ಬೇರೆ ಕೊಟ್ಟರು ಎಂಬುದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮಗೆ ಹೇಗೆ ಗೊತ್ತು?"

"ನಾನೂ ಅಲ್ಲೇ ಇದ್ದೆ ಸಿಸ್ಟರ್."

ಆಗಲಿ, ಹಾಕುವುದು ಬೇಡ ಎಂದರು. ಸಿಸ್ಟರ್‌ಗೆ ನನ್ನ ಕಾಗದಪತ್ರ ನೋಡಿ ನನ್ನ ಜಾತಿ ಗೊತ್ತಿತ್ತು. ಅಜ್ಜಿ ನನ್ನನ್ನು ಯಾರೆಂದು ತಿಳಿದಿದ್ದಾರೆಂಬುದು ಗೊತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ.

ಶನಿವಾರ ಪಾಲಕರ ಸಭೆಯಿತ್ತು. ಎಲ್ಲರೂ ಹೋದ ಮೇಲೆ ಕಂಡಕ್ಟರರು ಒಳಗೆ ಬಂದರು. ಡ್ಯೂಟಿಯಿಂದ ನೇರ ಬಂದಿದ್ದರು, ಖಾಕಿ ಅಂಗಿಯ ಮೇಲೆ ಧೂಳಿತ್ತು. ಮಕ್ಕಳ ಬೆಂಚಿನ ತುದಿಗೆ ಕೂತು ಮಗಳ ಓದಿನ ಬಗ್ಗೆ ಕೇಳಿದರು. ನಾನು ಹೇಳಿದೆ. ಆಮೇಲೂ ಅವರು ಏಳಲಿಲ್ಲ.

"ಟೀಚರ್, ಆ ಪ್ಲೇಟಿಂದು ಬೋರ್ಡಿನ ಮ್ಯಾಲ ಬರದ್ರಂತ," ಎಂದರು.

"ಹೌದ್ರಿ."

"ಬರದದ್ದ ಛಲೋ ಆತ್ರಿ. ಮನಿಗಿ ಬಂದು ಸಂಜೀತನಾ ಅದನ್ನ ಹೇಳಿದ್ಲು. ಅವರವ್ವ ಪ್ಲೇಟ್ ಒಲಿಗಿ ಹಾಕ್ತೀನಂದ್ಲು, ನಾನಽ ಬ್ಯಾಡಂದೆ." ಆಮೇಲೆ ಹೇಳಿದರು, "ಒಂದ ಮಾತ ಕೇಳ್ಕೊಳಾಕ ಬಂದೇನ್ರಿ. ಆಕಿಗಿ ಯಾರೂ ಬಿಡಿಸಿ ಹೇಳಬ್ಯಾಡ್ರಿ. ತಾನಽ ತಿಳ್ಕೊಳ್ಳೋದು ಇದ್ದಽ ಐತಿ. ಇನ್ನಷ್ಟ ದಿನಾ ತಡಾ ಆಗಲಿ."

ಆಗಲಿ ಎಂದೆ. ಅವರು ಎದ್ದು ನಿಂತರು.

"ನೀವೂ ಆವತ್ತ ಅಲ್ಲೇ ಇದ್ರಿ ಅಂದ್ಲು ಮಗಳು. ನಾ ಏನೂ ಅನ್ನಂಗಿಲ್ರಿ. ನೀವು ಕ್ರಿಶ್ಚನ್ರು, ನಿಮಗಿದೆಲ್ಲಾ ಲಕ್ಷ್ಯಕ್ಕ ಬರಂಗಿಲ್ಲ."

ಅವರು ನನ್ನನ್ನು ಬೈದಿದ್ದರೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆನೇನೋ. ಅವರು ನನ್ನನ್ನು ಮಾಫಿ ಮಾಡಿಬಿಟ್ಟರು, ಅದೂ ನನ್ನ ಸುಳ್ಳಿನ ಮೇಲೆಯೇ. ಬಾಗಿಲ ತನಕ ಹೋದವರನ್ನು ಕರೆದೆ.

"ಅಣ್ಣಾರ, ನಾ ಕ್ರಿಶ್ಚನ್ ಅಲ್ರಿ. ನಾನೂ ನಿಮ್ಮ ಪೈಕೀನ. ಮಸೂತ್ಯಾಕಿ."

ಅವರು ತಿರುಗಿ ನಿಂತರು. ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು.

"ಆ ಮನ್ಯಾಗ ಬಾಡಿಗಿ ಇದ್ದೀರಲ್ರಿ?"

"ಹೂನ್ರಿ. ಅವ್ರ ಹಂಗ ತಿಳ್ಕೊಂಡ್ರು. ನಾ ಸುಮ್ಮನಾದೆ. ಆವತ್ತೂ ಸುಮ್ಮನಿದ್ದೆ. ಎಲ್ಲಾ ನೋಡಿ ಸುಮ್ಮನಿದ್ದೆ."

ಅವರು ಬಾಗಿಲ ಚೌಕಟ್ಟಿಗೆ ಕೈಯೂರಿದರು. "ಮುದ್ದೇಬಿಹಾಳ ಡಿಪೋದಾಗ ಇದ್ದಾಗ ನಾನೂ ಬ್ಯಾರೆ ಅಡ್ಡೆಸರ ಹೇಳಿ ಖೋಲಿ ಹಿಡದಿದ್ದೆ. ಗೊತ್ತೈತ್ರಿ ನನಗ," ಎಂದರು. ನಂತರ ಬಹಳ ಮೆತ್ತಗೆ, "ಖರೆ ಆಕಿ ಸಣ್ಣಾಕಿ ಇದ್ಲರಿ ಟೀಚರ್. ಬಾಜೂಕ ಕರಕೊಂಡು ಕುಂದ್ರಿಸಿಕೊಂಡಿದ್ರೂ ಆಗತಿತ್ತು," ಎಂದು ಹೊರಟುಹೋದರು.

ಅದು ನನಗೆ ಹೊಳೆದೇ ಇರಲಿಲ್ಲ. ಜಗಳ ಮಾಡಬೇಕಿತ್ತು, ಎದ್ದು ಹೋಗಬೇಕಿತ್ತು, ಅದಕ್ಕೆ ಧೈರ್ಯ ಸಾಲಲಿಲ್ಲ ಎಂದು ವಾರವಿಡೀ ನನಗೆ ನಾನೇ ಹೇಳಿಕೊಂಡಿದ್ದೆ. ಹೊಸ್ತಿಲಿಗೆ ಹೋಗಿ ಅವಳ ಪಕ್ಕ ಕೂಡಲು ಎಷ್ಟು ಧೈರ್ಯ ಬೇಕಿತ್ತು?

ಸಂಜೆ ಮನೆಗೆ ಬಂದೆ. ಅಜ್ಜಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಬಾ ತಂಗಿ, ಚಹಾ ಕುಡಿ," ಎಂದರು. ನಾನು ಕೂಡದೆ ನಿಂತೇ ಹೇಳಿದೆ.

"ಅವ್ವಾರ, ನಾ ಕ್ರಿಶ್ಚನ್ ಅಲ್ರಿ. ಆ ಕಂಡಕ್ಟರ್ ಮಗಳು ಯಾರೋ, ನಾನೂ ಅವ್ರಽ."

ಅವರು ಕೂಗಾಡಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು. "ಮೊದಲಽ ಹೇಳಬೇಕಿತ್ತು," ಎಂದರು. ಆ ಮೇಲೆ, "ನಾ ಏನ್ ಮಾಡ್ಲಿ, ನಮ್ಮ ಮನಿ ರೀತಿ ಹಂಗ ಐತಿ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ನಾನು ಮೋಸ ಮಾಡಿದೆ ಎಂಬ ಸಂಕಟ ಅದು. ತಪ್ಪು ಯಾರದು ಎಂದು ನನಗೆ ಗೊತ್ತಿದ್ದರೂ ನಿಂತದ್ದು ಮಾತ್ರ ತಪ್ಪು ಮಾಡಿದವಳ ಹಾಗೆ, ಕೈ ಕಟ್ಟಿಕೊಂಡು. ಚಹಾ ಬರಲಿಲ್ಲ.

ಮೂರ್ನಾಲ್ಕು ದಿನಗಳಾದ ಮೇಲೆ ಅಜ್ಜಿ, ಇಂಗಳೇಶ್ವರದಲ್ಲಿರುವ ತಮ್ಮ ತಂಗಿಯ ಮೊಮ್ಮಗ ಕಾಲೇಜಿಗೆ ಬರುತ್ತಾನೆ, ಖೋಲಿ ಬೇಕಾಗುತ್ತದೆ ಎಂದು ಹೇಳಿಕಳಿಸಿದರು. ಹೇಳಲು ಬಂದವಳು ಮೊಮ್ಮಗಳು. "ನೀವ್ಯಾಕ ಹೋಗ್ತೀರಿ ಟೀಚರ್?" ಎಂದು ಕೇಳಿದಳು. ಶಾಲೆಗೆ ಹತ್ತಿರ ಇರಬೇಕಂತೆ ಎಂದೆ. ಅದೂ ಸುಳ್ಳೇ. ದೊಡ್ಡ ಸಿಸ್ಟರ್‌ಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು, "ಮೊದಲೇ ನಾವೇ ಕೇಳಬೇಕಿತ್ತು, ನೀವು ಎಲ್ಲಿ ಇದ್ದೀರಿ, ಹೇಗೆ ಇದ್ದೀರಿ ಅಂತ," ಎಂದು ಶಾಲೆಯ ಹಿಂದಿನ ಕೋಣೆಯೊಂದನ್ನು ಬಿಡಿಸಿಕೊಟ್ಟರು. ಈಗಲೂ ಅಲ್ಲೇ ಇದ್ದೇನೆ. ಇಬ್ಬರು ಹುಡುಗಿಯರೂ ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಒಬ್ಬರ ಮನೆಗೊಬ್ಬರು ಹೋಗುವುದು ನಿಂತಿದೆ. ಯಾಕೆಂದು ಮಕ್ಕಳು ಕೇಳಿಲ್ಲ.

ರಜೆಗೆ ಊರಿಗೆ ಹೊರಟಾಗ ಬಾಗೇವಾಡಿ ಬಸ್ಸಿನಲ್ಲಿ ಅದೇ ಕಂಡಕ್ಟರರಿದ್ದರು. ಬಸ್ಸು ಕಿಕ್ಕಿರಿದಿತ್ತು. ನನ್ನನ್ನು ನೋಡಿ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗರನ್ನು ಎಬ್ಬಿಸಿದರು.

"ಕೂಡ್ರಿ ಟೀಚರ್." ಸುತ್ತಲಿದ್ದವರಿಗೆ ಹೇಳಿದರು, "ನಮ್ಮ ಮಗಳಿಗಿ ಕಲಿಸ್ತಾರ ಇವ್ರು. ಭಾಳ ಗಟ್ಟಿ ಹೆಣ್ಣಮಗಳು. ಖರೇ ಮಾತ ಹೇಳಿ ಮನಿ ಬಿಟ್ಟ ಬಂದಾರ."

ಬಸ್ಸಿನವರೆಲ್ಲ ನನ್ನನ್ನು ನೋಡಿದರು. ಒಬ್ಬ ಮುದುಕಿ ನನ್ನ ಮೊಣಕೈ ಸವರಿ, "ಪುಣ್ಯಾ ಮಾಡೀರಿ," ಎಂದಳು. ಇಳಿದುಬಿಡೋಣ ಅನ್ನಿಸಿತು. ಅವರು ಹೇಳಿದ್ದೆಲ್ಲ ನಿಜ, ಆದರೆ ಆ ಭಾನುವಾರ ನಾನು ಸುಮ್ಮನೆ ಕೂತದ್ದು ಅದರಲ್ಲಿ ಇರಲಿಲ್ಲ. ಅವರು ಬೇಕೆಂದೇ ಬಿಟ್ಟಿದ್ದರು. ನನ್ನ ಮರ್ಯಾದೆ ಉಳಿಸಲೆಂದು ಬಿಟ್ಟಿದ್ದರು. ಟಿಕೆಟ್ ಹರಿದು ಕೈಗೆ ಕೊಡುವಾಗ ಮಗಳು ನನ್ನನ್ನು ಕೇಳಿದಳೆಂದು ಹೇಳಿದರು. ಚೆನ್ನಾಗಿ ಓದಲಿ ಅನ್ನಿರಿ ಎಂದೆ, ಅವರ ಮುಖ ನೋಡದೆ.