ಕಂಬಳಿಗೆ ಗೊತ್ತಿದ್ದ ತೇವ

ಮಿರಜ ಹತ್ತಿರದ ಆರಗ ಊರಿನ ರೇವಣಸಿದ್ಧನ ಮನೆತನದವರು ತಲೆತಲಾಂತರದಿಂದ ಕುರಿ ಕಾದವರು. ಅವನ ಪಾಲಿಗೆ ಬಂದದ್ದು ಮಾತ್ರ ಮಿರಜದ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆ. ರೋಗಿಗಳ ಸ್ಕ್ಯಾನ್ ಚಿತ್ರ, ವರದಿ ಎಲ್ಲ ಅಲ್ಲಿನ ಯಂತ್ರಗಳ ಹೊಟ್ಟೆಯಲ್ಲಿದ್ದವು. ಎರಡು ತಾಸಿಗೊಮ್ಮೆ ಗೋಡೆಯ ಮೀಟರ್ ನೋಡಿ, ಕೋಣೆಯಲ್ಲಿ ತಂಪೆಷ್ಟು, ತೇವವೆಷ್ಟು ಎಂದು ರಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ಅವನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದ. ಕುರಿಯಾದರೆ ಒಮ್ಮೆಯಾದರೂ ಬ್ಯಾ ಎನ್ನುತ್ತಿತ್ತು.

ಆ ಯಂತ್ರಗಳಲ್ಲಿ ಅವನ ಹೆಂಡತಿ ಸಾವಂತ್ರವ್ವನ ಚಿತ್ರಗಳೂ ಇದ್ದವು. ಆಕೆಯ ತಲೆಯೊಳಗೆ ಒಂದು ಗಂಟು. ವರ್ಷಕ್ಕೊಮ್ಮೆ ಹೊಸ ಚಿತ್ರ ತೆಗೆದು ಹಳೆಯದರ ಪಕ್ಕಕ್ಕಿಟ್ಟು, ‘ಬೆಳೆದಿಲ್ಲ’ ಎಂದು ಡಾಕ್ಟರು ಹೇಳಿದರೆ ಗಂಡಹೆಂಡಿರಿಗೆ ಇನ್ನೊಂದು ವರ್ಷ ನಿದ್ದೆ.

ಎಸಿಯ ಚಳಿಗೆ ರೇವಣಸಿದ್ಧ ಅಪ್ಪನ ಕರಿ ಕಂಬಳಿ ಹೊದ್ದು ಕೂಡುತ್ತಿದ್ದ. ಆ ವರ್ಷ ಮಳೆ ಬಿಡದೆ ಹಿಡಿದು ಕೃಷ್ಣೆ ಹರಿಪುರದ ಹೊಲಗಳಿಗೆ ನುಗ್ಗಿದಾಗ, ಕೋಣೆಯಲ್ಲೇ ಇರುತ್ತಿದ್ದ ಕಂಬಳಿ ಹೆಗಲ ಮೇಲೆ ಭಾರವಾಯಿತು, ಕುರಿದೊಡ್ಡಿಯ ವಾಸನೆ ಬಿಟ್ಟಿತು. ಉಣ್ಣೆ ತೇವ ಕುಡಿದರೆ ಹಾಗೆಯೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆದರೆ ಮೀಟರಿನ ತೇವದ ಮುಳ್ಳು ಎಂದಿನ ಐವತ್ತು ಬಿಟ್ಟು ಕದಲಲಿಲ್ಲ.

“ಸಾಹೇಬ್ರ, ಮೀಟರ್ ಕೆಟ್ಟೈತ್ರಿ. ಖೋಲಿ ಹಸಿ ಹಿಡದೈತಿ. ಬೇಕಾದ್ರ ಕಂಬಳಿ ಮುಟ್ಟಿ ನೋಡ್ರಿ.”

ಉಸ್ತುವಾರಿಯ ಹರ್ಷದ ಸಾಹೇಬರು ನಕ್ಕರು. “ಕಂಬಳಿ ನೋಡಿ ರಜಿಸ್ಟರ್ ಬರೀತಾರೇನೋ? ಮೀಟರ್ ಏನ್ ತೋರಸ್ತದ, ಅಷ್ಟ ಬರಿ.”

ಬರೆದ. ಐವತ್ತು, ಐವತ್ತು, ಐವತ್ತು. ಹರ್ಷದ ಸಾಹೇಬರಿಗೂ ಮೇಲಿನ ದೊಡ್ಡ ಡಾಕ್ಟರ ಬಾಗಿಲು ಇಪ್ಪತ್ತು ಹೆಜ್ಜೆಯಾಚೆಗಿತ್ತು, ಹೋಗಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ನಮ್ಮವರು ಹೇಳಿ ಹೇಳಿಯೇ ಇಂಥವರ ಬಾಯಿ ಹೊಲಿದಿದ್ದಾರೆ.

ತಿಂಗಳೊಳಗೆ ಯಂತ್ರಗಳು ಒಂದೊಂದಾಗಿ ನಿಂತವು. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಇನ್ನೊಂದು ಪ್ರತಿ ಇಟ್ಟಿದ್ದ ಯಂತ್ರವೂ ಅದೇ ಕೋಣೆಯಲ್ಲಿತ್ತು, ಅದೂ ಹೋಯಿತು. ವಿಚಾರಣೆಯ ದಿನ ಹರ್ಷದ ಸಾಹೇಬರು ರಜಿಸ್ಟರ್ ತೆರೆದಿಟ್ಟರು. ಪುಟಪುಟಕ್ಕೂ ಐವತ್ತು, ಪುಟಪುಟಕ್ಕೂ ರೇವಣಸಿದ್ಧನ ಸಹಿ. ಅವನನ್ನು ಕೆಲಸದಿಂದ ತೆಗೆದರು.

ಶ್ರಾವಣದಲ್ಲಿ ಸಾವಂತ್ರವ್ವನ ಹೊಸ ಚಿತ್ರವನ್ನು ಆಕೆಯ ಡಾಕ್ಟರ್ ಪ್ರಣಾಲಿ ಬೆಳಕಿಗೆ ಹಿಡಿದರು, ಪಕ್ಕಕ್ಕಿಡಲು ಹಳೆಯದಿರಲಿಲ್ಲ.

“ಹಳೇದು ಇಲ್ದ ಗಂಟು ಬೆಳದದೋ ಇಲ್ಲೋ ಹೆಂಗ ಹೇಳ್ಲಿ, ಕಾಕಾ? ತಲಿ ತೆರದು ನೋಡಬೇಕು, ಇಲ್ಲಾ ವರ್ಷ ಕಾಯಬೇಕು. ನೀವ ಹೇಳ್ರಿ.”

ಇಬ್ಬರೂ ಹೊರಗೆ ಬಂದು ಮಳೆಯಲ್ಲಿ ಆರಗದ ಬಸ್ಸಿಗೆ ನಿಂತರು.

“ಖೋಲಿ ಹಸಿ ಐತಿ ಅಂತ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ಐವತ್ತು ಅಂತ ಯಾಕ ಬರದ್ರಿ?”

ನಾಚಿಕೆಯಿಂದ ಅವಳ ಮುಖ ನೋಡಲಾರದೆ, ಹೆಗಲ ಕಂಬಳಿ ತೆಗೆದು ಅವಳಿಗೆ ಹೊದಿಸಿದ. ಅವಳು ಅದನ್ನು ಮೆಲ್ಲಗೆ ಸರಿಸಿ ಅವನ ಕೈಗೇ ಕೊಟ್ಟಳು.

“ಹಸಿ ಐತ್ರಿ,” ಎಂದಳು.