ಬೀಗದ ಕೋಣೆಯ ಮುಂದೆ ನಿಂತುಹೋದ ಕಥೆ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ನಾನಾಗ ಮಡಿಕೇರಿಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೆಲಸ. ವಾರಕ್ಕೊಮ್ಮೆ ಬಸ್ಸು ಹತ್ತಿ ಸೋಮವಾರಪೇಟೆ ಕಡೆಯ ಮನೆಗಳಿಗೂ ಹೋಗಿಬರುತ್ತಿದ್ದೆ. ಅಲ್ಲೊಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಸರೋಜಮ್ಮ ಇದ್ದರು.

ಸ್ಟ್ರೋಕ್ ಆದ ಮೇಲೆ ಅವರಿಗೆ ಅಫೇಸಿಯಾ ಬಂದಿತ್ತು. ಇದರಲ್ಲಿ ಬುದ್ಧಿ ನೆಟ್ಟಗೇ ಇರುತ್ತದೆ, ಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಹಿಂದೆ ಇಡೀ ತೋಟವನ್ನು ಬರೀ ಗಂಟಲಿನಲ್ಲೇ ಆಳಿದ ಹೆಂಗಸು. ನಾನು ಲೋಟದ ಚಿತ್ರವಿದ್ದ ಕಾರ್ಡು ಹಿಡಿದು "ಇದೇನಮ್ಮಾ? ಲೋ..." ಎಂದು ರಾಗ ಎಳೆದರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಅವರನ್ನು ನೋಡಿಕೊಳ್ಳುತ್ತಿದ್ದ ಹೋಂ ನರ್ಸ್ ಶಶಿಕಲಾಗೆ ಇಪ್ಪತ್ತು ದಾಟಿತ್ತಷ್ಟೆ. ಒಂದು ಜಾತಿಯ ಕಾದಂಬರಿಗಳೆಂದರೆ ಅವಳಿಗೆ ಪ್ರಾಣ. ದಿಕ್ಕಿಲ್ಲದ ಹುಡುಗಿ ದೊಡ್ಡ ಬಂಗಲೆಗೆ ಕೆಲಸಕ್ಕೆ ಬರುತ್ತಾಳೆ. ಯಜಮಾನ ಸದಾ ಸಿಡುಕ. ಮಹಡಿಯ ಕೋಣೆಯೊಂದಕ್ಕೆ ಯಾವಾಗಲೂ ಬೀಗ. ಅವನನ್ನು ಪ್ರೀತಿಸಬೇಕೋ ಬಿಟ್ಟು ಓಡಬೇಕೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಮಧ್ಯಾಹ್ನ ನಿದ್ದೆ ತಡೆಯಲೆಂದು ಶಶಿಕಲಾ ಇವನ್ನು ಗಟ್ಟಿಯಾಗಿ ಓದುತ್ತಿದ್ದಳು.

ಒಮ್ಮೆ ನಾನು ಕೋಣೆಯೊಳಗೆ ಕಾಲಿಡುವಾಗ ಕಥೆಯ ಹುಡುಗಿ ದೀಪ ಹಿಡಿದು ಒಬ್ಬಳೇ ಮಹಡಿ ಹತ್ತುತ್ತಿದ್ದಳು.

"ಹೋಗ್ಬೇಡ ಕಣೇ!" ಎಂದರು ಸರೋಜಮ್ಮ.

ಶಶಿಕಲಾಳ ಕೈಯಿಂದ ಪುಸ್ತಕ ಬಿತ್ತು. ಮೂವರೂ ನಕ್ಕೆವು, ಅತ್ತೆವು. ಕರೆದರೆ ಬಾರದ ಮಾತು ಭಯ, ಸಿಟ್ಟು, ನಗು ಉಕ್ಕಿದಾಗ ಕೆಲವರಲ್ಲಿ ತಾನಾಗಿ ಹೊರಬೀಳುತ್ತದೆ ಎಂದು ಓದಿದ್ದೆ. ಕಣ್ಣಾರೆ ಕಂಡಿದ್ದು ಅಂದೇ. ಕಾರ್ಡುಗಳನ್ನು ಚೀಲಕ್ಕೆ ತುರುಕಿದೆ. ಒಂದು ಪುಟ ಓದುವುದು, ನಿಲ್ಲಿಸುವುದು, ಕಾಯುವುದು. ಅದೇ ನಮ್ಮ ಥೆರಪಿಯಾಯಿತು. ಒಂದೆರಡು ಪುಸ್ತಕ ಮುಗಿಯುವಷ್ಟರಲ್ಲಿ ಸರೋಜಮ್ಮ "ಓಡು", "ಕಳ್ಳ", ಸಿಡುಕ ಯಜಮಾನನ ಬಗ್ಗೆ "ಪಾಪ ಕಣೇ" ಎಲ್ಲ ಹೇಳತೊಡಗಿದರು. ಓದು ನಿಂತರೆ ಸಾಕು, "ಆಮೇಲೆ?" ಎನ್ನುತ್ತಿದ್ದರು.

ಮಗ ಲೋಕೇಶ್ ಕೆಟ್ಟವರಲ್ಲ. ತಾಯಿಯ ಉಗುರನ್ನು ತಾವೇ ಕತ್ತರಿಸುತ್ತಿದ್ದರು. ಒಂದು ದಿನ ಕಾಫಿ ಒಣಗಿಸುವ ಕಣದಲ್ಲಿದ್ದವರಿಗೆ ತಾಯಿ ಕಿರುಚಿದ್ದು ಕೇಳಿಸಿತು. ಓಡಿಬಂದು ನೋಡಿದರೆ ಬಿ.ಪಿ. ಏರಿತ್ತು. ಆಗ ಓದುತ್ತಿದ್ದ ಕಥೆಯ ಹುಡುಗಿ ಕೋಣೆಯ ಬೀಗ ತೆಗೆಯಲು ಕೀಲಿ ತೂರಿಸಿದ್ದಳಷ್ಟೆ. ಉದ್ವೇಗ ಕೂಡದೆಂದು ಡಾಕ್ಟರು ಮೊದಲೇ ಹೇಳಿದ್ದರು. ಲೋಕೇಶ್ ಶಶಿಕಲಾಳನ್ನು ಅಂದೇ ಮನೆಗೆ ಕಳಿಸಿದರು; ಪುಸ್ತಕವೂ ಅವಳ ಬ್ಯಾಗಿನಲ್ಲೇ ಹೋಯಿತು.

"ಅದು ಗಾಬರಿ ಅಲ್ಲ ಸರ್, ಖುಷಿ" ಎಂದು ವಿಷಯ ತಿಳಿದೊಡನೆ ಫೋನು ಮಾಡಿ ವಾದಿಸಿದೆ.

"ಮೇಡಂ, ನಿಮ್ಗೆ ಅಮ್ಮನ ಮಾತು ಬರ್ಬೇಕು. ನನ್ಗೆ ಅಮ್ಮ ಉಳೀಬೇಕು."



ಮುಂದಿನ ಸಲ ಹೋದಾಗ ಹಾಸಿಗೆ ಪಕ್ಕ ಮೊಬೈಲಿನಲ್ಲಿ ಭಜನೆ ಹಾಡುತ್ತಿತ್ತು. ಸರೋಜಮ್ಮ ನನ್ನ ಮುಂಗೈ ಹಿಡಿದು "ಆಮೇಲೆ?" ಎಂದರು. ಶಶಿಕಲಾಳನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಯವರು ಅವಳ ನಂಬರು ಕೊಡಲಿಲ್ಲ. ಪುಸ್ತಕದ ಹೆಸರೂ ನನಗೆ ಗೊತ್ತಿರಲಿಲ್ಲ. ನಾನೇ ಒಂದು ಕೊನೆ ಕಟ್ಟಿ ಹೇಳಿದೆ. ಅಷ್ಟು ಕಾದಂಬರಿ ಕೇಳಿದವರಿಗೆ ನನ್ನ ಸುಳ್ಳು ತಿಳಿಯದೇ? ಗೋಡೆ ಕಡೆ ತಿರುಗಿದರು. ಇನ್ನೂ ಕೆಲವು ವಾರ "ಆಮೇಲೆ?" ಎಂದು ಕೇಳಿದರು. ಮತ್ತೆ ಕೇಳುವುದನ್ನೂ ಬಿಟ್ಟರು. ಬೇರೆ ಮಾತೂ ಹೋಯಿತು.

ಕಾಫಿ ಹೂ ಬಿಡುವ ಹೊತ್ತಿಗೆ ಎರಡನೇ ಸ್ಟ್ರೋಕ್ ಆಯಿತು. ಈ ಸಲ ಉಳಿಯಲಿಲ್ಲ. ತಿಥಿಯ ದಿನ ಲೋಕೇಶ್ ನನ್ನ ಪಕ್ಕ ಕೂತು, "ಅಷ್ಟು ಜೋಪಾನ ಮಾಡ್ದೆ ಮೇಡಂ. ಏನೂ ಉಳೀಲಿಲ್ಲ. ಆ ಕಥೆನಾದ್ರೂ ಮುಗಿಸಕ್ಕೆ ಬಿಡ್ಬೇಕಿತ್ತು" ಎಂದರು. ಅವರನ್ನು ಸಮಾಧಾನ ಮಾಡಲು ಹೋಗಿ ನಾನೇ ಅತ್ತೆ.

ಆಮೇಲೊಂದು ದಿನ ಶಶಿಕಲಾ ಎಲ್ಲಿಂದಲೋ ನಂಬರು ಹುಡುಕಿ ಫೋನು ಮಾಡಿದಳು. ಮೈಸೂರಿನಲ್ಲಿದ್ದಳು. "ಅಜ್ಜಿ ಹೆಂಗವ್ರೆ ಮೇಡಂ?" ಹೇಳಿದೆ. ತುಂಬ ಹೊತ್ತು ಅಳುತ್ತಿದ್ದಳು. ಆ ಕೋಣೆಯಲ್ಲಿ ಏನಿತ್ತು ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಅಜ್ಜಿ ಬಿಟ್ಟು ಮುಂದೆ ಓದಲ್ಲ ಅಂತ ಮಾತು ಕೊಟ್ಟಿದ್ದೆ. ವಾಪಸ್ ಕರೀತಾರೇನೋ ಅಂತ ಪುಸ್ತಕ ಹಂಗೇ ಇಟ್ಕೊಂಡಿದ್ದೆ."

ಈಗ ಹೊಸ ಮನೆಗೆ ಹೋದರೆ ನಾನು ಮೊದಲು ಕಾರ್ಡು ತೆಗೆಯುವುದಿಲ್ಲ. ಇವರು ಹಿಂದೆ ಯಾವುದಕ್ಕೆ "ಆಮೇಲೆ?" ಎಂದು ಕೇಳುತ್ತಿದ್ದರು ಎಂದು ಮನೆಯವರನ್ನು ವಿಚಾರಿಸುತ್ತೇನೆ. ಕ್ರಿಕೆಟ್ಟಿರಲಿ, ಧಾರಾವಾಹಿಯಿರಲಿ, ಪಕ್ಕದ ಮನೆಯ ಜಗಳವಿರಲಿ, ಅದನ್ನೇ ಹಿಡಿಯುತ್ತೇನೆ. ಹೊರಡುವಾಗ ಒಂದೇ ಮಾತು ಹೇಳುತ್ತೇನೆ: ಶುರು ಮಾಡಿದ್ದನ್ನು ದಯವಿಟ್ಟು ಮುಗಿಸಿ, ಅವರು ಕಾಯುತ್ತಿರುತ್ತಾರೆ.